ಹಳೇ ಲ್ಯಾಪ್‌ಟಾಪಿನಲ್ಲೇ ವಿಡಿಯೊ ಎಡಿಟಿಂಗ್, ಕನ್ನಡ ಸಬ್‌ಟೈಟಲ್: ಕಡಿಮೆ ಖರ್ಚಿನ ಸಾಫ್ಟ್‌ವೇರ್ ಆರಿಸುವುದು ಹೇಗೆ?

ಗದಗಿನಲ್ಲಿರುವ ನಮ್ಮ ಚಿಗವ್ವ ಜೋಳದ ರೊಟ್ಟಿ ಬಡಿಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಬಂದಿದ್ದೆ. ಹನ್ನೊಂದು ನಿಮಿಷದ್ದು. ಒಲೆ ಮುಂದೆ ಕುಳಿತು ಹಿಟ್ಟು ನಾದುತ್ತಾ, ಹೆಂಚು ಎಷ್ಟು ಕಾಯಬೇಕು, ನೀರು ಎಲ್ಲಿ ಸವರಬೇಕು ಅಂತ ಒಂದೊಂದೇ ಹೇಳಿಕೊಡುತ್ತಾಳೆ. ಕಾಕಾಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಅವರಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಏನ್ ಹೇಳಾಕತ್ತಾಳ ತಮ್ಮಾ? ನನಗ ಬರೇ ಕೈ ಅಷ್ಟ ಕಾಣತೈತಿ" ಅಂದರು.

ಅವತ್ತೇ ರಾತ್ರಿ ಸಬ್‌ಟೈಟಲ್ ಹಾಕಲು ಕುಳಿತೆ. ಲ್ಯಾಪ್‌ಟಾಪಿನಲ್ಲಿ ಮೊದಲೇ ಇದ್ದ ಒಂದು ಸಾಫ್ಟ್‌ವೇರ್ ತೆರೆದು 'ರೊಟ್ಟಿ' ಅಂತ ಟೈಪ್ ಮಾಡಿದೆ. ಪರದೆ ಮೇಲೆ 'ರೊಟ್‌ಟಿ' ಅಂತ ಬಂತು. ಒತ್ತಕ್ಷರ ಕೆಳಗೆ ಕೂರಲೇ ಇಲ್ಲ. ಫಾಂಟ್ ಬದಲಿಸಿದೆ, ಮತ್ತೆ ಅದೇ. ಎರಡು ತಾಸು ಕಳೆದ ಮೇಲೆ ಗೊತ್ತಾಯಿತು, ತಪ್ಪು ಫಾಂಟಿನದ್ದಲ್ಲ, ಆ ಸಾಫ್ಟ್‌ವೇರಿಗೆ ಕನ್ನಡ ಅಕ್ಷರ ಜೋಡಿಸಲು ಬರುವುದೇ ಇಲ್ಲ ಅಂತ.

ಅದಕ್ಕೇ ಈ ಲೇಖನ. ವಿಡಿಯೊ ಸಾಫ್ಟ್‌ವೇರ್ ಆರಿಸುವಾಗ ಎಲ್ಲರೂ ಮೊದಲು ಕೇಳುವುದು ಬೆಲೆ. ನನ್ನ ಪ್ರಕಾರ ಬೆಲೆ ಮೂರನೇ ಪ್ರಶ್ನೆ. ಮೊದಲನೆಯದು, ನಿಮ್ಮ ಲ್ಯಾಪ್‌ಟಾಪ್ ಅದನ್ನು ತಾಳುತ್ತದಾ? ಎರಡನೆಯದು, ಅದರಲ್ಲಿ ಕನ್ನಡ ಸರಿಯಾಗಿ ಮೂಡುತ್ತದಾ? ಈ ಎರಡಕ್ಕೂ ಹೌದು ಅನ್ನುವ ಸಾಫ್ಟ್‌ವೇರ್‌ಗಳಲ್ಲಿ ಒಳ್ಳೆಯವು ಉಚಿತವಾಗಿಯೇ ಸಿಗುತ್ತವೆ.

ಮೊದಲು: ಏನು ಮಾಡಬೇಕು ಅಂತ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ವಿಡಿಯೊ ಎಷ್ಟು ಉದ್ದ, ಯಾರು ನೋಡುತ್ತಾರೆ, ಎಲ್ಲಿ ನೋಡುತ್ತಾರೆ, ಇಷ್ಟು ಬರೆಯಿರಿ. ಸುಮ್ನೆ ಹೇಳುತ್ತಿಲ್ಲ, ಇದರ ಮೇಲೇ ಎಲ್ಲ ನಿಂತಿದೆ.

ಬ್ಯಾಡಗಿ ಕಡೆಯ ನನ್ನ ಗೆಳೆಯನೊಬ್ಬ ಒಣಮೆಣಸಿನಕಾಯಿಯ ವಿಡಿಯೊ ಮಾಡಿ ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಾನೆ. ಅರ್ಧ ನಿಮಿಷದ್ದು. ಕಾಯಿಯ ಬಣ್ಣ, ಸುಕ್ಕು ಕಾಣಬೇಕು, ಕೆಳಗೆ ಎರಡು ಸಾಲು ಅಕ್ಷರ ಬೇಕು. ಅವನಿಗೆ ಲ್ಯಾಪ್‌ಟಾಪೇ ಬೇಡ, ಫೋನ್ ಸಾಕು. ನನ್ನದು ಹನ್ನೊಂದು ನಿಮಿಷದ ಮಾತು, ಪೂರ್ತಿ ಸಬ್‌ಟೈಟಲ್ ಬೇಕು. ಅದನ್ನು ಫೋನಿನಲ್ಲಿ ಮಾಡಲು ಹೋದರೆ ಕಣ್ಣು ಕೆಡುತ್ತದೆ. ಧಾರವಾಡದಲ್ಲಿ ಸಂಗೀತ ಕಾರ್ಯಕ್ರಮ ರೆಕಾರ್ಡ್ ಮಾಡುವವರಿಗೆ ಎರಡು ಕ್ಯಾಮೆರಾ ಜೋಡಿಸಬೇಕು, ಧ್ವನಿಯನ್ನು ಬೇರೆಯಾಗಿ ಕೂರಿಸಬೇಕು. ಅದೇ ಬೇರೆ ಲೆಕ್ಕ.

ಕತ್ತರಿಸುವುದು, ಜೋಡಿಸುವುದು, ಧ್ವನಿ ಏರಿಸಿ ಇಳಿಸುವುದು, ಹೆಸರು ಹಾಕುವುದು, ಸಬ್‌ಟೈಟಲ್. ಬಹಳಷ್ಟು ಜನರಿಗೆ ಬೇಕಿರುವುದು ಈ ಐದೇ ಕೆಲಸ. ಇದಕ್ಕಿಂತ ಜಾಸ್ತಿ ಇರುವ ಸಾಫ್ಟ್‌ವೇರ್‌ಗೆ ದುಡ್ಡು ಕೊಟ್ಟರೆ ಮುಕ್ಕಾಲು ಭಾಗ ಮುಟ್ಟುವುದೇ ಇಲ್ಲ.

ಎರಡನೆಯದು: ಲ್ಯಾಪ್‌ಟಾಪಿನ ಶಕ್ತಿ ನೋಡಿ

ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ 'ಪರ್ಫಾರ್ಮೆನ್ಸ್' ಒತ್ತಿದರೆ ಮೆಮೊರಿ ಎಷ್ಟು ಜಿಬಿ, ಡಿಸ್ಕ್ ವೇಗವಾದ ಎಸ್‌ಎಸ್‌ಡಿಯೋ ನಿಧಾನದ ಹಳೇ ಹಾರ್ಡ್‌ಡಿಸ್ಕೋ, ಗ್ರಾಫಿಕ್ಸ್ ಕಾರ್ಡ್ ಬೇರೆ ಇದೆಯೋ ಇಲ್ಲವೋ ಎಲ್ಲ ಕಾಣುತ್ತದೆ.

4 ಜಿಬಿ ಮೆಮೊರಿ ಇದ್ದರೆ ಉದ್ದನೆಯ ವಿಡಿಯೊ ಎಡಿಟ್ ಮಾಡುವುದು ಕಷ್ಟ. ಸಬ್‌ಟೈಟಲ್ ಬರೆಯುವ ಕೆಲಸ ಮಾತ್ರ ಆರಾಮಾಗಿ ಆಗುತ್ತದೆ. 8 ಜಿಬಿ ಇದ್ದರೆ ಮೊಬೈಲಿನಲ್ಲಿ ತೆಗೆದ 1080ಪಿ (ಫುಲ್ ಎಚ್‌ಡಿ) ವಿಡಿಯೊ ಎಡಿಟ್ ಮಾಡಬಹುದು. 16 ಜಿಬಿ ಇದ್ದು ಬೇರೆ ಗ್ರಾಫಿಕ್ಸ್ ಕಾರ್ಡೂ ಇದ್ದರೆ ನೀವು ಯಾವುದನ್ನು ಬೇಕಾದರೂ ಆರಿಸಿಕೊಳ್ಳಿ.

ಇಲ್ಲೊಂದು ಮಾತು. ಕೈಯಲ್ಲಿ ಸ್ವಲ್ಪ ದುಡ್ಡಿದ್ದು, ಸಾಫ್ಟ್‌ವೇರ್ ಕೊಳ್ಳಲೋ ಬೇಡವೋ ಅಂತ ಯೋಚನೆ ಮಾಡುತ್ತಿದ್ದರೆ, ಆ ದುಡ್ಡಿನಲ್ಲಿ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿ. ಇಲ್ಲವೇ ಅಂಗಿಗೆ ಸಿಕ್ಕಿಸುವ ಸಣ್ಣ ಕಾಲರ್ ಮೈಕ್ ಕೊಳ್ಳಿ. ಹುಬ್ಬಳ್ಳಿಯ ಗದ್ದಲದ ಮಾರುಕಟ್ಟೆ ದುರ್ಗದಬೈಲಿನಲ್ಲಿ ನಿಂತು ಮಾತಾಡಿಸಿದ ವಿಡಿಯೊದಲ್ಲಿ ಮಾತೇ ಕೇಳಿಸದಿದ್ದರೆ ಯಾವ ಸಾಫ್ಟ್‌ವೇರೂ ಅದನ್ನು ಉಳಿಸುವುದಿಲ್ಲ.

ಮೂರನೆಯದು: ಯಾವ ಸಾಫ್ಟ್‌ವೇರ್?

ಮಧ್ಯಮ ಶಕ್ತಿಯ ಲ್ಯಾಪ್‌ಟಾಪ್ ಇರುವವರಿಗೆ ನಾನು ಮೊದಲು ಹೇಳುವ ಹೆಸರು ಕೆಡೆನ್‌ಲೈವ್. ಇದು ಮುಕ್ತ ಸಾಫ್ಟ್‌ವೇರ್, ಅಂದರೆ ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ದುಡ್ಡಿಲ್ಲ, ಜಾಹೀರಾತಿಲ್ಲ, ವಿಡಿಯೊ ಮೂಲೆಯಲ್ಲಿ ಕಂಪನಿಯ ಗುರುತು ಬರುವುದಿಲ್ಲ. ಸಬ್‌ಟೈಟಲ್‌ಗೆ ಅದರಲ್ಲೇ ಒಂದು ಪಟ್ಟಿ ಇದೆ. ಹೊರಗೆ ಬರೆದ ಸಬ್‌ಟೈಟಲ್ ಫೈಲನ್ನು ಒಳಗೆ ತರಬಹುದು, ಇಲ್ಲಿ ಬರೆದದ್ದನ್ನು ಹೊರಗೆ ಒಯ್ಯಬಹುದು. ಕನ್ನಡದ ಒತ್ತಕ್ಷರ ನನಗೆ ಇದರಲ್ಲಿ ಸರಿಯಾಗಿಯೇ ಬಂದಿವೆ.

ಎರಡನೆಯದು ಶಾಟ್‌ಕಟ್. ಇದೂ ಮುಕ್ತ, ಇದೂ ಉಚಿತ. ಕೆಡೆನ್‌ಲೈವ್‌ಗಿಂತ ಕಲಿಯಲು ಸುಲಭ. ವಿಡಿಯೊ ಎಳೆದು ತಂದು ಹಾಕಿ, ಬೇಕಾದ ಜಾಗದಲ್ಲಿ ನಿಲ್ಲಿಸಿ 'ಎಸ್' ಕೀಲಿ ಒತ್ತಿದರೆ ಅಲ್ಲಿಗೆ ಕತ್ತರಿಸುತ್ತದೆ. ಮೊದಲ ಸಲ ಎಡಿಟ್ ಮಾಡುವವರು ಇದರಿಂದ ಶುರು ಮಾಡಲಿ ಅಂತ ನನ್ನ ಆಸೆ. ಇದರ ಹೊಸ ಆವೃತ್ತಿಗಳಲ್ಲಿ ಸಬ್‌ಟೈಟಲ್ ಬರೆಯುವ ಜಾಗವೂ ಬಂದಿದೆ. ಹಳೇ ಆವೃತ್ತಿ ಇಟ್ಟುಕೊಂಡಿದ್ದರೆ ಒಮ್ಮೆ ಹೊಸದು ಹಾಕಿಕೊಳ್ಳಿ.

ಮೂರನೆಯದು ದಾವಿಂಚಿ ರಿಸಾಲ್ವ್. ಸಿನಿಮಾದವರು ಬಣ್ಣ ತಿದ್ದಲು ಬಳಸುವ ಸಾಫ್ಟ್‌ವೇರ್ ಇದು. ಉಚಿತ ಆವೃತ್ತಿಯಲ್ಲೇ ನಮಗೆ ಬೇಕಾದ್ದೆಲ್ಲ ಇದೆ, ಕಂಪನಿಯ ಗುರುತೂ ಬೀಳುವುದಿಲ್ಲ. ಆದರೆ ಭಾರ ಬಹಳ. 8 ಜಿಬಿ ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಎತ್ತಿನಗಾಡಿಗೆ ಕಬ್ಬಿನ ಲೋಡು ಹೇರಿದ ಹಾಗೆ ಏದುಸಿರು ಬಿಡುತ್ತದೆ. ಮಾತನ್ನು ತಾನಾಗಿಯೇ ಅಕ್ಷರ ಮಾಡುವ ಸೌಲಭ್ಯ ದುಡ್ಡು ಕೊಡುವ ಸ್ಟುಡಿಯೊ ಆವೃತ್ತಿಯಲ್ಲಿ ಮಾತ್ರ ಇದೆ. ಅದರ ಬೆಲೆ 295 ಡಾಲರ್, ಒಂದೇ ಸಲ ಕೊಡುವುದು. ಮದುವೆ ವಿಡಿಯೊ ಮಾಡಿ ಹೊಟ್ಟೆ ಹೊರೆಯುವವರಿಗೆ, ಒಳ್ಳೆಯ ಕಂಪ್ಯೂಟರ್ ಇದ್ದರೆ, ತಿಂಗಳು ತಿಂಗಳು ಬಾಡಿಗೆ ಕಟ್ಟುವುದಕ್ಕಿಂತ ಇದು ವಾಸಿ.

ವಿಂಡೋಸ್ 11 ಇದ್ದವರ ಹತ್ತಿರ ಕ್ಲಿಪ್‌ಚಾಂಪ್ ಈಗಾಗಲೇ ಇರಬಹುದು, ಮೈಕ್ರೋಸಾಫ್ಟ್‌ನದ್ದು. ಎಡಿಟ್ ಆದ ವಿಡಿಯೊವನ್ನು 1080ಪಿ ತನಕ ಉಚಿತವಾಗಿ ಹೊರಗೆ ತೆಗೆದುಕೊಡುತ್ತದೆ (ಎಕ್ಸ್‌ಪೋರ್ಟ್). ಸಣ್ಣಪುಟ್ಟ ಕೆಲಸಕ್ಕೆ ಅಡ್ಡಿಯಿಲ್ಲ.

ಫೋನಿನಲ್ಲೇ ಮಾಡುವವರು ವಿಎನ್ ನೋಡಿ. ಗುರುತು ಬೀಳದೆ ಎಡಿಟ್ ಆದ ವಿಡಿಯೊ ಹೊರಗೆ ತೆಗೆಯಬಹುದು. ಕೈನ್‌ಮಾಸ್ಟರ್ ಚೆನ್ನಾಗಿದೆ, ಆದರೆ ಉಚಿತದಲ್ಲಿ ಮೂಲೆಯಲ್ಲಿ ಅದರ ಹೆಸರು ಕೂರುತ್ತದೆ. ಕ್ಯಾಪ್‌ಕಟ್ ನಮ್ಮ ದೇಶದಲ್ಲಿ ಸಿಗುವುದಿಲ್ಲ. ಯಾರೋ ಕಳಿಸಿದ ಫೈಲಿನಿಂದ ಅದನ್ನು ಫೋನಿಗೆ ಹಾಕಿಕೊಳ್ಳಬೇಡಿ. ಅದರ ಜೊತೆ ಏನು ಬರುತ್ತದೆ ಅಂತ ಹೇಳಲು ಬರುವುದಿಲ್ಲ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರಿನ ವಿಷಯದಲ್ಲೂ ನನ್ನ ಮಾತು ಅಷ್ಟೇ ಖಡಕ್. ಪೆನ್‌ಡ್ರೈವ್‌ನಲ್ಲಿ ದುಬಾರಿ ಸಾಫ್ಟ್‌ವೇರ್ ಹಾಕಿಕೊಡುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ನನ್ನ ಪರಿಚಯದ ಹುಡುಗನೊಬ್ಬ ಹಾಗೆ ಹಾಕಿಸಿಕೊಂಡ. ವಾರದೊಳಗೆ ಅವನ ಎಲ್ಲ ಫೈಲುಗಳಿಗೂ ಬೀಗ ಬಿತ್ತು. ಅದರಲ್ಲಿ ಒಂದು ಮದುವೆಯ ಪೂರ್ತಿ ವಿಡಿಯೊ ಇತ್ತು, ಬೇರೆ ಪ್ರತಿ ಇರಲಿಲ್ಲ. ಆ ಮನೆಯವರಿಗೆ ಅಕ್ಷತೆ ಬಿದ್ದ ಗಳಿಗೆ ಮತ್ತೆ ಸಿಗಲೇ ಇಲ್ಲ. ಉಚಿತವಾಗಿ, ಕಾನೂನುಬದ್ಧವಾಗಿ ಇಷ್ಟು ಒಳ್ಳೆಯವು ಇರುವಾಗ ಆ ದಾರಿ ಯಾಕೆ ಬೇಕು? ಇಳಿಸಿಕೊಳ್ಳುವಾಗಲೂ ಆಯಾ ಸಾಫ್ಟ್‌ವೇರಿನ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ.

ಇನ್ನು 'ಫ್ರೀ ಟ್ರಯಲ್' ಅನ್ನುವವು. ಫಿಲ್ಮೋರಾ ಥರದವು. ಕಲಿಯಲು ಸುಲಭ ನಿಜ. ಆದರೆ ದುಡ್ಡು ಕೊಡದೆ ವಿಡಿಯೊ ಹೊರಗೆ ತೆಗೆದರೆ ಅದರ ಮೇಲೆ ಅವರ ಗುರುತು ಬೀಳುತ್ತದೆ. ಮೂರು ದಿನ ಕೂತು ಎಡಿಟ್ ಮಾಡಿ ಕೊನೆಗೆ ಅದು ಗೊತ್ತಾದರೆ ಬಹಳ ಬೇಜಾರಾಗುತ್ತದೆ. ಹಾಗಾಗಿ ಯಾವುದೇ ಸಾಫ್ಟ್‌ವೇರ್ ಹಾಕಿದ ಮೊದಲ ದಿನವೇ ಒಂದು ನಿಮಿಷದ ವಿಡಿಯೊ ಹೊರಗೆ ತೆಗೆದು ನೋಡಿ.

ನಾಲ್ಕನೆಯದು: ಒತ್ತಕ್ಷರದ ಪರೀಕ್ಷೆ

ಇದನ್ನು ದಯವಿಟ್ಟು ಬಿಡಬೇಡಿ.

ಕನ್ನಡದಲ್ಲಿ ಅಕ್ಷರ ಒಂದರ ಪಕ್ಕ ಒಂದು ಸುಮ್ಮನೆ ಕೂರುವುದಿಲ್ಲ ಅಲ್ವಾ? ಒತ್ತು ಕೆಳಗೆ ಹೋಗಬೇಕು. ಅರ್ಕಾವತ್ತು ಉಚ್ಚಾರದಲ್ಲಿ ಮೊದಲು ಬಂದರೂ ಬರೆಯುವಾಗ ಅಕ್ಷರದ ನಂತರ ಬರಬೇಕು. ಕಂಪ್ಯೂಟರಿನಲ್ಲಿ ಈ ಜೋಡಣೆ ಮಾಡಲು ಸಾಫ್ಟ್‌ವೇರಿನೊಳಗೆ ಬೇರೆಯೇ ಒಂದು ವ್ಯವಸ್ಥೆ ಇರಬೇಕು. ಇಂಗ್ಲಿಷ್ ಮಾತ್ರ ಮನಸ್ಸಿನಲ್ಲಿಟ್ಟು ಮಾಡಿದ ಸಾಫ್ಟ್‌ವೇರಿನಲ್ಲಿ ಅದು ಇರುವುದಿಲ್ಲ. ಆಗ ಫಾಂಟ್ ಎಷ್ಟೇ ಚೆನ್ನಾಗಿದ್ದರೂ ಅಕ್ಷರ ಒಡೆಯುತ್ತದೆ.

ನಾನು ಪ್ರತಿ ಹೊಸ ಸಾಫ್ಟ್‌ವೇರಿನಲ್ಲೂ ಈ ಸಾಲು ಹಾಕಿ ನೋಡುತ್ತೇನೆ:

ಹುಬ್ಬಳ್ಳಿ ರೊಟ್ಟಿ ಸ್ತ್ರೀ ರಾಷ್ಟ್ರ ಸೂರ್ಯ ಜ್ಞಾನ ಲಕ್ಷ್ಮೇಶ್ವರ ಕೊಪ್ಪೀಕರ್

'ಹುಬ್ಬಳ್ಳಿ'ಯಲ್ಲಿ ಎರಡು ಒತ್ತು. 'ಸ್ತ್ರೀ'ಯಲ್ಲಿ ಮೂರು ವ್ಯಂಜನ ಒಂದರ ಕೆಳಗೊಂದು. 'ಸೂರ್ಯ'ದಲ್ಲಿ ಅರ್ಕಾವತ್ತು. 'ಲಕ್ಷ್ಮೇಶ್ವರ' ಒಂದೇ ಪದದಲ್ಲಿ ಹಲವು ತೊಡಕುಗಳನ್ನು ತಂದಿಡುತ್ತದೆ. ಈ ಸಾಲು ಸರಿಯಾಗಿ ಬಂದರೆ ಉಳಿದದ್ದೂ ಬರುತ್ತದೆ ಅಂತ ಧೈರ್ಯ. ಎಡಿಟ್ ಮಾಡುವಾಗ ಸರಿ ಕಂಡರೆ ಸಾಲದು. ವಿಡಿಯೊ ಹೊರಗೆ ತೆಗೆದು, ಫೋನಿನಲ್ಲಿ ಹಾಕಿ ನೋಡಿ. ಕೆಲವು ಕಡೆ ಟೈಟಲ್ ಹಾಕುವ ಉಪಕರಣಗಳೇ ಎರಡು ಮೂರು ಇರುತ್ತವೆ, ಒಂದರಲ್ಲಿ ಕನ್ನಡ ಒಡೆದು ಇನ್ನೊಂದರಲ್ಲಿ ಸರಿಯಾಗಿ ಬರಬಹುದು. ಎಲ್ಲದರಲ್ಲೂ ಹಾಕಿ ನೋಡಿ.

ಸ್ಟುಡಿಯೊದಲ್ಲಿ ಅಡೋಬಿ ಪ್ರೀಮಿಯರ್ ಬಳಸುವವರಿಗೆ ಒಂದು ಸುಳಿವು. ಅದರ ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್ ಅನ್ನುವ ಕಡೆ ಟೆಕ್ಸ್ಟ್ ಎಂಜಿನ್ ಆಯ್ಕೆ ಇದೆ. ಅಲ್ಲಿ 'ಸೌತ್ ಏಷಿಯನ್ ಅಂಡ್ ಮಿಡಲ್ ಈಸ್ಟರ್ನ್' ಆರಿಸಿದರೆ ಒಡೆದ ಕನ್ನಡ ಜೋಡುತ್ತದೆ.

ಇನ್ನೊಂದು ತೊಂದರೆ 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಹಳೇ ರೀತಿಯಲ್ಲಿ ಟೈಪ್ ಮಾಡಿದ್ದರದ್ದು. ನಮ್ಮ ಕಡೆ ಡಿಟಿಪಿ ಅಂಗಡಿಗಳಲ್ಲಿ ಇದು ಈಗಲೂ ಇದೆ. ಅಲ್ಲಿಂದ ಕಾಪಿ ಮಾಡಿ ಸಬ್‌ಟೈಟಲ್‌ಗೆ ಹಾಕಿದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಸಬ್‌ಟೈಟಲ್‌ಗೆ ಯುನಿಕೋಡ್ ಕನ್ನಡವೇ, ಅಂದರೆ ಎಲ್ಲ ಕಂಪ್ಯೂಟರ್, ಫೋನುಗಳೂ ಒಂದೇ ರೀತಿ ಓದುವ ಕನ್ನಡವೇ ಬೇಕು. ಹಳೇ ಬರಹವನ್ನು ಯುನಿಕೋಡ್‌ಗೆ ಬದಲಿಸುವ ಸೌಲಭ್ಯ ನುಡಿ, ಬರಹ ಎರಡರಲ್ಲೂ ಇದೆ. ಹೊಸದಾಗಿ ಟೈಪ್ ಮಾಡುವುದಾದರೆ ವಿಂಡೋಸ್ 10, 11ರಲ್ಲಿ ಕನ್ನಡ ಕೀಬೋರ್ಡ್ ಬಂದೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸೇರಿಸಿದರೆ ಆಯಿತು.

ಫಾಂಟ್‌ಗೆ ದುಡ್ಡು ಕೊಡಬೇಡಿ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಎಲ್ಲ ಉಚಿತ. ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಅಲ್ಲಿ 'ಹುಬ್ಬಳ್ಳಿ' ಅನ್ನುವ ಹೆಸರಿನದೇ ಒಂದು ಕನ್ನಡ ಫಾಂಟ್ ಇದೆ ಗೊತ್ತಾ? ಮೊದಲ ಸಲ ನೋಡಿದಾಗ ಬಹಳ ಖುಷಿಯಾಗಿತ್ತು. ಅದರ ಗೆರೆ ಸಣ್ಣ, ಹಾಗಾಗಿ ವಿಡಿಯೊದ ಹೆಸರಿಗೆ ಚಂದ. ಓಡುವ ಸಬ್‌ಟೈಟಲ್‌ಗೆ ಮಾತ್ರ ನೋಟೊ ಸ್ಯಾನ್ಸ್ ಕನ್ನಡದ ದಪ್ಪ ಅಕ್ಷರವೇ ಸರಿ. ಬಿಳಿ ಅಕ್ಷರ, ಸುತ್ತ ಕಪ್ಪು ಅಂಚು. ಒಲೆಯ ಹೊಗೆ, ಬಿಳಿ ಹಿಟ್ಟು, ಕಪ್ಪು ಹೆಂಚು ಯಾವುದರ ಮೇಲೆ ಬಂದರೂ ಓದಲು ಬರುತ್ತದೆ.

ಐದನೆಯದು: ಮೊಬೈಲ್ ವಿಡಿಯೊವನ್ನು ಹದ ಮಾಡಿಕೊಳ್ಳುವುದು

ಮೊಬೈಲಿನಲ್ಲಿ ತೆಗೆದ ವಿಡಿಯೊ ಎಡಿಟ್ ಮಾಡಿದಾಗ, ಶುರುವಿನಲ್ಲಿ ಮಾತಿಗೂ ತುಟಿಗೂ ಹೊಂದುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಾತು ಮುಂದೆ, ತುಟಿ ಹಿಂದೆ. ಬಹಳ ಜನ ಇದನ್ನು ಸಾಫ್ಟ್‌ವೇರಿನ ದೋಷ ಅಂದುಕೊಂಡು ಬೇರೆಯದನ್ನು ಹುಡುಕುತ್ತಾರೆ. ಕಾರಣ ಬೇರೆ. ಫೋನು ಬೆಳಕಿಗೆ ತಕ್ಕಂತೆ ಸೆಕೆಂಡಿಗೆ ಎಷ್ಟು ಚಿತ್ರ ಹಿಡಿಯಬೇಕು ಅನ್ನುವುದನ್ನು ಬದಲಿಸುತ್ತಲೇ ಇರುತ್ತದೆ. ಅಡುಗೆಮನೆಯಂಥ ಮಂದ ಬೆಳಕಿನಲ್ಲಿ ಇದು ಜಾಸ್ತಿ.

ಇದಕ್ಕೆ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ವಿಡಿಯೊ ಹಾಕಿ, 'ವಿಡಿಯೊ' ಭಾಗದಲ್ಲಿ ಫ್ರೇಮ್‌ರೇಟ್ 30, ಕೆಳಗೆ 'ಕಾನ್‌ಸ್ಟಂಟ್' ಆರಿಸಿ, ಎನ್‌ಕೋಡರ್ (ವಿಡಿಯೊವನ್ನು ಹಿಂಡಿ ಸಣ್ಣದು ಮಾಡುವ ರೀತಿ) ಎಚ್.264 ಇಟ್ಟು ಓಡಿಸಿ. ಹೊರಬಂದ ಫೈಲನ್ನು ಎಡಿಟ್ ಮಾಡಿ. ಫೋನಿನ ಕ್ಯಾಮೆರಾದಲ್ಲಿ ಎಚ್.265 ಅಥವಾ 'ಹೈ ಎಫಿಶಿಯನ್ಸಿ' ಅಂತ ಇದ್ದರೆ ಮೊದಲೇ ತೆಗೆದುಬಿಡಿ. ಜಾಗ ಉಳಿಯುತ್ತದೆ ನಿಜ, ಆದರೆ ಹಳೇ ಲ್ಯಾಪ್‌ಟಾಪು ಅದನ್ನು ಬಿಚ್ಚಿ ಓದಲು ಒದ್ದಾಡುತ್ತದೆ.

ಆಮೇಲೂ ಎಡಿಟಿಂಗ್ ತಡೆದು ತಡೆದು ಓಡಿದರೆ 'ಪ್ರಾಕ್ಸಿ' ಹಚ್ಚಿ. ಕೆಡೆನ್‌ಲೈವ್, ಶಾಟ್‌ಕಟ್, ರಿಸಾಲ್ವ್ ಮೂರರಲ್ಲೂ ಇದೆ. ನಿಮ್ಮ ವಿಡಿಯೊದ ಒಂದು ಸಣ್ಣ ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿಸುತ್ತದೆ, ಕೊನೆಗೆ ಹೊರಗೆ ತೆಗೆಯುವಾಗ ಮೂಲ ವಿಡಿಯೊವನ್ನೇ ಬಳಸುತ್ತದೆ. ನನ್ನ 8 ಜಿಬಿ ಲ್ಯಾಪ್‌ಟಾಪು ಕೆಲಸಕ್ಕೆ ಬಂದದ್ದೇ ಇದರಿಂದ.

ಆರನೆಯದು: ಸಬ್‌ಟೈಟಲ್ ಬರೆಯುವುದು

ಎಡಿಟಿಂಗ್ ಪೂರ್ತಿ ಮುಗಿಯುವ ತನಕ ಸಬ್‌ಟೈಟಲ್ ಮುಟ್ಟಬೇಡಿ. ನಡುವೆ ಹತ್ತು ಸೆಕೆಂಡು ಕತ್ತರಿಸಿದರೂ ಮುಂದಿನ ಎಲ್ಲ ಸಾಲುಗಳ ಸಮಯ ತಪ್ಪುತ್ತದೆ.

ಮಾತನ್ನು ತಾನಾಗಿ ಬರೆದುಕೊಡುವ ಸಾಫ್ಟ್‌ವೇರ್ ಇಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇದೆ. ಓಪನ್‌ಎಐ ಕಂಪನಿ 2022ರಲ್ಲಿ ವಿಸ್ಪರ್ ಅನ್ನುವುದನ್ನು ಉಚಿತವಾಗಿ ಬಿಟ್ಟಿತು. ಅದಕ್ಕೆ ಗೊತ್ತಿರುವ ಭಾಷೆಗಳಲ್ಲಿ ಕನ್ನಡವೂ ಇದೆ. ಆದರೆ ಇಂಗ್ಲಿಷಿನಷ್ಟು ಚೆನ್ನಾಗಿ ಬರೆಯುವುದಿಲ್ಲ. ಅದರಲ್ಲೂ 'ಹೊಂಟೇವಿ', 'ಬಡಿಯಾಕ', 'ತಗೊಂಡ ಬರ್ರಿ' ಅನ್ನುವ ನಮ್ಮ ಮಾತು ಕೇಳಿಸಿದರೆ ಏನೇನೋ ಬರೆಯುತ್ತದೆ. ಅದನ್ನು ತಿದ್ದುವ ಹೊತ್ತಿಗೆ ಹೊಸದಾಗಿಯೇ ಬರೆಯಬಹುದು.

ನಾನು ಮಾಡುವುದು ಹೀಗೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಂದು ವಾಕ್ಯ ಕೇಳುತ್ತೇನೆ. ನಿಲ್ಲಿಸುತ್ತೇನೆ. ಅದೇ ವಾಕ್ಯವನ್ನು ನಾನೇ ನಿಧಾನವಾಗಿ, ಸ್ಪಷ್ಟವಾಗಿ ಫೋನಿಗೆ ಹೇಳುತ್ತೇನೆ. ಗೂಗಲ್‌ನ ಕೀಬೋರ್ಡ್ ಜಿಬೋರ್ಡ್‌ನಲ್ಲಿ ಕನ್ನಡ ಹಾಕಿಕೊಂಡು ಮೈಕ್ ಗುರುತು ಒತ್ತಿದರೆ ಮಾತು ಅಕ್ಷರವಾಗುತ್ತದೆ. ಗೂಗಲ್ ಡಾಕ್ಸ್‌ನಲ್ಲೂ ಇದು ಆಗುತ್ತದೆ. ಚಿಗವ್ವನ ಮಾತಿನ ಜೊತೆ ಒಲೆಯ ಸದ್ದು, ಬಡಿಯುವ ಸದ್ದು ಇತ್ತು. ನನ್ನ ಮಾತಿನ ಜೊತೆ ಅದೇನೂ ಇಲ್ಲ. ಹಾಗಾಗಿ ತಪ್ಪು ಬಹಳ ಕಡಿಮೆ. ಹನ್ನೊಂದು ನಿಮಿಷದ ಮಾತು ಒಂದು ಸಂಜೆಯಲ್ಲಿ ಮುಗಿಯಿತು. ಆ ಬರಹವನ್ನು ಮಾರನೇ ದಿನ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಫೋನಿನಲ್ಲೇ ತಿದ್ದಿದೆ.

ಈಗ ಸಮಯ ಕೂರಿಸಬೇಕು. ಇದಕ್ಕೆ ಸಬ್‌ಟೈಟಲ್ ಎಡಿಟ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿ. ವಿಂಡೋಸ್‌ನಲ್ಲಿ 4 ಜಿಬಿ ಲ್ಯಾಪ್‌ಟಾಪಿನಲ್ಲೂ ಆರಾಮಾಗಿ ನಡೆಯುತ್ತದೆ. ಇದರ ದೊಡ್ಡ ಉಪಕಾರ ಏನೆಂದರೆ ಧ್ವನಿಯನ್ನು ಅಲೆಯ ಚಿತ್ರವಾಗಿ ತೋರಿಸುತ್ತದೆ. ಮಾತು ಇದ್ದಲ್ಲಿ ಗುಡ್ಡ, ಮೌನ ಇದ್ದಲ್ಲಿ ಬಯಲು. ಗುಡ್ಡದ ಶುರುವಿನಿಂದ ಕೊನೆಯ ತನಕ ಮೌಸ್‌ನಿಂದ ಎಳೆದು, ಅಲ್ಲಿಗೆ ಸಾಲು ಹಾಕಿದರೆ ಸಮಯ ತಾನಾಗಿ ಕೂರುತ್ತದೆ. ರೊಟ್ಟಿ ಬಡಿಯುವ ಸದ್ದೂ ಗುಡ್ಡದ ಹಾಗೇ ಕಾಣುತ್ತದೆ. ಆದರೆ ಅದು ಬೇಲಿಯ ಗೂಟಗಳ ಹಾಗೆ ಒಂದೇ ಅಳತೆಯಲ್ಲಿ ಸಾಲಾಗಿ ಬರುತ್ತದೆ. ಎರಡು ಸಲ ನೋಡಿದರೆ ಕಣ್ಣಿಗೆ ಗೊತ್ತಾಗಿಬಿಡುತ್ತದೆ.

ಕೊನೆಗೆ ಸಿಗುವ ಫೈಲಿನ ಬಗೆಗೆ ಎಸ್‌ಆರ್‌ಟಿ ಅಂತ ಹೆಸರು. ಅದರೊಳಗೆ ಇರುವುದು ಇಷ್ಟೇ:

1
00:00:12,400 --> 00:00:15,900
ಹಿಟ್ಟು ಕುದಿಯೋ ನೀರಾಗ ನಾದ್ಬೇಕು.

2
00:00:16,100 --> 00:00:19,600
ತಣ್ಣೀರಾಗ ನಾದಿದ್ರ
ರೊಟ್ಟಿ ಬಡಿಯೂಮುಂದ ಹರಿತೈತಿ.

ಸಾಲಿನ ಸಂಖ್ಯೆ, ಶುರುವಾಗುವ ಮತ್ತು ಮುಗಿಯುವ ಸಮಯ, ಮಾತು, ಆಮೇಲೆ ಒಂದು ಖಾಲಿ ಸಾಲು. ನೋಟ್‌ಪ್ಯಾಡ್‌ನಲ್ಲೂ ಬರೆಯಬಹುದು. ಆದರೆ ಉಳಿಸುವಾಗ ಎನ್‌ಕೋಡಿಂಗ್ ಅನ್ನುವಲ್ಲಿ ಯುಟಿಎಫ್-8 ಇರಲಿ. 'ಆನ್ಸಿ' ಅಂತ ಇದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ.

ಎರಡನೇ ಸಾಲನ್ನು ನಾನು 'ನಾದಿದ್ರ' ಆದ ಮೇಲೆ ಮುರಿದಿದ್ದೇನೆ ನೋಡಿ. 'ತಣ್ಣೀರಾಗ ನಾದಿದ್ರ ರೊಟ್ಟಿ' ಅಂತ ಮೇಲೆ ಬಿಟ್ಟು 'ಬಡಿಯೂಮುಂದ ಹರಿತೈತಿ' ಅಂತ ಕೆಳಗೆ ಹಾಕಿದರೆ ಓದುವವರು ಒಮ್ಮೆ ತಡವರಿಸುತ್ತಾರೆ. ಮಾತು ಉಸಿರು ತೆಗೆದುಕೊಳ್ಳುವ ಕಡೆ ಸಾಲು ಮುರಿಯಬೇಕು. ಒಮ್ಮೆಗೆ ಎರಡೇ ಸಾಲು. ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಯಾವುದೂ ಬೇಡ, ಏಳು ಸೆಕೆಂಡಿಗಿಂತ ಜಾಸ್ತಿಯೂ ಬೇಡ. ಕನ್ನಡದ ಪದಗಳು ಉದ್ದ, ಒತ್ತು ಬೇರೆ. ಇಂಗ್ಲಿಷಿಗಿಂತ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿಸಿ. ಎರಡು ಸಾಲುಗಳ ನಡುವೆ ಜಾಗವನ್ನೂ ಧಾರಾಳವಾಗಿ ಬಿಡಿ, ಇಲ್ಲವಾದರೆ ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತದೆ.

ಮಾತನ್ನು ಹೇಗೆ ಬರೆಯುವುದು? ಚಿಗವ್ವ 'ಹರಿತೈತಿ' ಅಂದದ್ದನ್ನು 'ಹರಿಯುತ್ತದೆ' ಅಂತ ತಿದ್ದಬೇಕಾ? ಬೇಡ ಅನ್ನುತ್ತೇನೆ ನಾನು. ಕೇಳುವುದೊಂದು ಓದುವುದೊಂದು ಆದರೆ ನೋಡುವವರಿಗೆ ಕಿರಿಕಿರಿ. ಆಕೆಯ ಮಾತು ಆಕೆಯದ್ದೇ ಆಗಿರಲಿ. ಮೈಸೂರು ಕಡೆಯವರಿಗೂ ಕೇಳಿದಾಗ ತಿಳಿಯದ ಪದ ಓದಿದಾಗ ತಿಳಿಯುತ್ತದೆ. ನಿಜಕ್ಕೂ ತಿಳಿಯದ ಪದ ಬಂದಾಗ, ಉದಾಹರಣೆಗೆ 'ಭಾಂಡಿ', ಮೊದಲ ಸಲ ಮಾತ್ರ ಪಕ್ಕದಲ್ಲಿ 'ಪಾತ್ರೆ' ಅಂತ ಸಣ್ಣದಾಗಿ ಹಾಕುತ್ತೇನೆ. 'ಅಂದ್ರ', 'ಮತ್ತ', 'ನೋಡ' ಅಂತ ಪದೇ ಪದೇ ಬರುವುದನ್ನು ಮಾತ್ರ ಅಲ್ಲಲ್ಲಿ ಬಿಡಬಹುದು.

ಕಿವಿ ಕೇಳದವರಿಗಾಗಿ ಹಾಕುತ್ತಿದ್ದರೆ ಸದ್ದುಗಳನ್ನೂ ಬರೆಯಿರಿ. [ರೊಟ್ಟಿ ಬಡಿಯುವ ಸದ್ದು], [ಹೊರಗಿನಿಂದ ಯಾರೋ ಕರೆಯುತ್ತಾರೆ]. ವಿಡಿಯೊ ನಡುವೆ ಚಿಗವ್ವ ತಟ್ಟನೆ ಬಾಗಿಲ ಕಡೆ ತಿರುಗುತ್ತಾಳೆ. ಯಾಕೆ ಅಂತ ಕಾಕಾಗೆ ತಿಳಿಯಬೇಕಲ್ವಾ?

ಏಳನೆಯದು: ಅಂಟಿಸಬೇಕೋ, ಬೇರೆ ಇಡಬೇಕೋ

ಸಬ್‌ಟೈಟಲನ್ನು ವಿಡಿಯೊದ ಮೇಲೇ ಅಚ್ಚು ಹಾಕಬಹುದು. ಬೇರೆ ಫೈಲಾಗಿಯೂ ಇಡಬಹುದು. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಅಚ್ಚು ಹಾಕಲೇಬೇಕು, ಅದಕ್ಕೆ ಎಸ್‌ಆರ್‌ಟಿ ಓದಲು ಬರುವುದಿಲ್ಲ. ಕೆಡೆನ್‌ಲೈವ್‌ಗೆ ಎಸ್‌ಆರ್‌ಟಿ ತಂದು ವಿಡಿಯೊ ಹೊರಗೆ ತೆಗೆದರೆ ಅಚ್ಚಾಗಿಯೇ ಬರುತ್ತದೆ. ಶಾಟ್‌ಕಟ್‌ನಲ್ಲಿ ಅದಕ್ಕೆ 'ಸಬ್‌ಟೈಟಲ್ ಬರ್ನ್ ಇನ್' ಅನ್ನುವ ಫಿಲ್ಟರ್ ಹಾಕಬೇಕು.

ಯೂಟ್ಯೂಬ್‌ಗೆ ಹಾಕುವುದಾದರೆ ಅಚ್ಚು ಹಾಕಬೇಡಿ. ವಿಡಿಯೊ ಬೇರೆ, ಎಸ್‌ಆರ್‌ಟಿ ಬೇರೆ ಏರಿಸಿ. ಯೂಟ್ಯೂಬ್ ಸ್ಟುಡಿಯೊದಲ್ಲಿ 'ಸಬ್‌ಟೈಟಲ್ಸ್' ಒತ್ತಿ, ಭಾಷೆ ಕನ್ನಡ ಆರಿಸಿ, ಸಮಯವಿರುವ ಫೈಲ್ ಅಂತ ಹೇಳಿ ಏರಿಸಿದರೆ ಮುಗಿಯಿತು. ಬೇಕಾದವರು ಹಚ್ಚಿಕೊಳ್ಳುತ್ತಾರೆ, ಬೇಡವಾದವರು ತೆಗೆಯುತ್ತಾರೆ. ಅಕ್ಷರದ ಅಳತೆ ದೊಡ್ಡದು ಮಾಡಿಕೊಳ್ಳಬಹುದು, ವಯಸ್ಸಾದವರಿಗೆ ಇದು ಬಹಳ ಮುಖ್ಯ. ತಪ್ಪು ಕಂಡರೆ ವಿಡಿಯೊ ಮುಟ್ಟದೆ ಫೈಲ್ ಮಾತ್ರ ಬದಲಿಸಬಹುದು. ನಾಳೆ ಇಂಗ್ಲಿಷ್ ಸಬ್‌ಟೈಟಲ್ ಬೇಕಾದರೆ ಅದೇ ಸಮಯಕ್ಕೆ ಇನ್ನೊಂದು ಫೈಲ್ ಬರೆದು ಸೇರಿಸಬಹುದು.

ಏರಿಸುವ ಮೊದಲು ವಿಎಲ್‌ಸಿ ಅನ್ನುವ ಉಚಿತ ವಿಡಿಯೊ ಪ್ಲೇಯರಿನಲ್ಲಿ ಒಮ್ಮೆ ಪೂರ್ತಿ ನೋಡಿ. ವಿಡಿಯೊಗೂ ಎಸ್‌ಆರ್‌ಟಿಗೂ ಒಂದೇ ಹೆಸರಿಟ್ಟು ಒಂದೇ ಫೋಲ್ಡರಿನಲ್ಲಿಟ್ಟರೆ ಅದು ತಾನಾಗಿ ಜೋಡಿಸಿ ತೋರಿಸುತ್ತದೆ. ನೋಡುವಾಗ ಧ್ವನಿ ಪೂರ್ತಿ ಬಂದ್ ಮಾಡಿ. ಬರೀ ಓದಿ ವಿಷಯ ತಿಳಿಯುತ್ತದಾ? ಎಲ್ಲಿ ತಡವರಿಸಿದಿರೋ ಅಲ್ಲಿ ತಿದ್ದಿ.

ವಿಡಿಯೊ ಹೊರಗೆ ತೆಗೆಯುವಾಗ ಎಂಪಿ4, ಎಚ್.264, 1080ಪಿ, ಸೆಕೆಂಡಿಗೆ 8 ಮೆಗಾಬಿಟ್ ಇಡಿ. ಯೂಟ್ಯೂಬ್‌ಗೆ ಇದು ಸಾಕು. ಹನ್ನೊಂದು ನಿಮಿಷಕ್ಕೆ ಸುಮಾರು 660 ಎಂಬಿ ಆಗುತ್ತದೆ. ವಾಟ್ಸಾಪ್‌ನಲ್ಲಿ ಸಾದಾ ವಿಡಿಯೊ ಅಂತ ಕಳಿಸಿದರೆ ಅದು ಹಿಂಡಿ ಸಣ್ಣ ಮಾಡುತ್ತದೆ, ಅಕ್ಷರ ಮಸುಕಾಗುತ್ತದೆ. 'ಡಾಕ್ಯುಮೆಂಟ್' ಅಂತ ಕಳಿಸಿ.

ಎಲ್ಲ ಮುಗಿದ ಮೇಲೆ ನಾನು ಗದಗಿಗೆ ಹೋಗಿ ಕಾಕಾಗೆ ಟಿವಿಯಲ್ಲಿ ಹಾಕಿ ತೋರಿಸಿದೆ. ಕನ್ನಡಕ ಏರಿಸಿಕೊಂಡು ಒಂದೊಂದು ಸಾಲೂ ಓದಿದರು. ಅರ್ಧಕ್ಕೆ ಬಂದಾಗ ಒಳಗಿದ್ದ ಚಿಗವ್ವನಿಗೆ ಕೇಳುವಂತೆ, "ಅಲ್ಲಬೇ, ಕುದಿಯೋ ನೀರಾಗ ನಾದ್ತಿಯೇನ ಹಿಟ್ಟ? ಇಷ್ಟ ವರ್ಷ ನನಗ ಗೊತ್ತ ಇರಲಿಲ್ಲ" ಅಂದರು. ಚಿಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಾಕಾ ಮೊದಲಿನಿಂದ ಮತ್ತೊಮ್ಮೆ ಹಾಕು ಅಂತ ಕೈ ಮಾಡಿದರು.

ಒಂದು ಕೆಲಸ ಉಳಿಯಿತು. ಮೂಲ ವಿಡಿಯೊ, ಪ್ರಾಜೆಕ್ಟ್ ಫೈಲ್, ಎಸ್‌ಆರ್‌ಟಿ, ಬಳಸಿದ ಫಾಂಟ್, ಈ ನಾಲ್ಕನ್ನೂ ಒಂದೇ ಫೋಲ್ಡರಿಗೆ ಹಾಕಿ, ಹೊರಗಿನ ಹಾರ್ಡ್‌ಡಿಸ್ಕಿಗೆ ಒಂದು ಪ್ರತಿ ಮಾಡಿ. ಎಸ್‌ಆರ್‌ಟಿ ಬಹಳ ಸಣ್ಣ ಫೈಲು, ಅದನ್ನು ನಿಮಗೆ ನೀವೇ ಇಮೇಲ್ ಕೂಡ ಮಾಡಿಕೊಳ್ಳಿ. ಎಡಿಟ್ ಮಾಡುವಾಗ ಕಂಟ್ರೋಲ್ ಎಸ್ ಒತ್ತುವ ರೂಢಿ ಇರಲಿ. ಬೇಸಿಗೆಯ ಸಂಜೆ ಗಾಳಿ ಎದ್ದರೆ ನಮ್ಮ ಕಡೆ ಕರೆಂಟ್ ಹೋಗುವುದು ಗೊತ್ತೇ ಇದೆ, ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಐದು ನಿಮಿಷವೂ ನಿಲ್ಲುವುದಿಲ್ಲ.